ಮಳೆಯಲ್ಲೂ ಸೈಕಲ್ ಹೊಡೆಯುವವರಿಗೆ ಎರಡೂವರೆ ಸಾವಿರದೊಳಗೆ ಯಾವ ವಾಚು?

ಇಕ್ಕೇರಿ ದಾರಿ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು, ಕಾಲೇಜೊಂದರಲ್ಲಿ ಲೈಬ್ರರಿಯನ್. ಮನೆ ಇಕ್ಕೇರಿ ಕಡೆ. ಕೆಲಸಕ್ಕೆ ಹೋಗಿ ಬರುವುದು ಸೈಕಲ್‌ನಲ್ಲೇ. ಜೂನ್, ಜುಲೈ ಮಳೆಯಲ್ಲೂ ಅದೇ. ಭಾನುವಾರ ತಾಳಗುಪ್ಪ, ಕಾಲಲ್ಲಿ ಶಕ್ತಿ ಇದ್ದರೆ ಜೋಗದ ತನಕ. ಬೇಸಿಗೆಯೊಳಗೆ ಒಂದು 200 ಕಿಮೀ ಬಿಆರ್‌ಎಂ (ಗೊತ್ತುಪಡಿಸಿದ ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಬೇಕು ಅಂತ ಆಸೆಯಿದೆ. ಸೈಕಲ್ಲು ಹೈಬ್ರಿಡ್, ನೇರ ಹ್ಯಾಂಡಲ್, 700×35 ಟೈರು.

ಈಗ ಕೈಯಲ್ಲಿ ವಾಚಿಲ್ಲ. ಮೊದಲು ಒಂದು ಮುಳ್ಳಿನ ವಾಚಿತ್ತು. ಒಂದು ಅಂಗಡಿಯಲ್ಲಿ ಸೆಲ್ ಹಾಕಿಸಿದೆ. ಆಮೇಲೆ ಮಳೆಗಾಲ ಶುರುವಾಗುತ್ತಿದ್ದಂತೆ ಗಾಜಿನ ಒಳಗೆ ಮಂಜು ಕಟ್ಟಿತು, ಮುಳ್ಳು ನಿಂತೇ ಹೋಯಿತು. ಆಮೇಲೆ ತಮ್ಮ ಒಂದು ಫಿಟ್‌ನೆಸ್ ಬ್ಯಾಂಡ್ ಕೊಟ್ಟ. ಅದರ ಕಥೆ ಇನ್ನೂ ಮಜಾ. ಪರದೆ ಮೇಲೆ ಮಳೆಹನಿ ಬಿದ್ದರೆ ಅದಕ್ಕದೇ ಬೆರಳು ಅಂತ ತಿಳಿದು ಏನೇನೋ ತೆರೆಯುತ್ತಿತ್ತು. ಟೈಮ್ ನೋಡಲು ಹೋದರೆ ಸ್ಟಾಪ್‌ವಾಚ್ ಓಡುತ್ತಿತ್ತು. ಕೊನೆಗೆ ಚಾರ್ಜ್ ಆಗುವುದನ್ನೇ ನಿಲ್ಲಿಸಿತು.

ನನಗೆ ಹೆಚ್ಚೇನೂ ಬೇಡ ಮಾರಾಯ್ರೆ. ಚಾರ್ಜ್ ಹಾಕುವ ರಗಳೆ ಇರಬಾರದು. ನಮ್ಮ ಮಳೆ ತಡೆಯಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹೊರಟಾಗ ಕತ್ತಲಲ್ಲಿ ಟೈಮ್ ಕಾಣಬೇಕು. ಎದೆಬಡಿತ, ಹೆಜ್ಜೆ ಲೆಕ್ಕ, ನಿದ್ದೆ ಲೆಕ್ಕ ಯಾವುದೂ ಬೇಡ. ಇನ್ನೊಂದು, ನನ್ನ ಮಣಿಕಟ್ಟಿನ ಸುತ್ತಳತೆ ಹದಿನಾಲ್ಕೂವರೆ ಸೆಂಟಿಮೀಟರ್. ಸೀರೆ ಉಟ್ಟು ಕಾಲೇಜಿಗೆ ಹೋದಾಗ ಕೈಮೇಲೆ ಟ್ಯಾಂಕ್ ನಿಲ್ಲಿಸಿದ ಹಾಗೆ ಕಾಣಬಾರದು. ಬಜೆಟ್ ಎರಡೂವರೆ ಸಾವಿರ, ಬೆಲ್ಟೂ ಸೇರಿ.

ಸಿಂಗಲ್ ಸ್ಪೀಡ್:

ವಾಚ್ ಯಾಕೆ? ಫೋನ್ ಇದೆಯಲ್ವಾ. ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ಮುಗಿಸಿ.

ಇಕ್ಕೇರಿ ದಾರಿ:

ನಮ್ಮ ಕಡೆ ಮಳೆಗಾಲದಲ್ಲಿ ಒಮ್ಮೆ ಬನ್ನಿ, ಹೋಲ್ಡರ್‌ನಲ್ಲಿ ಫೋನ್ ಇಟ್ಟು ಸಾಗರದಿಂದ ಜೋಗಕ್ಕೆ ಹೋಗಿ ಬನ್ನಿ. ಕಾಫಿ ನಾನು ಕೊಡಿಸುತ್ತೇನೆ. ನನ್ನ ಫೋನು ಎರಡು ಪ್ಲಾಸ್ಟಿಕ್ ಕವರಿನೊಳಗೆ, ಬ್ಯಾಗಿನ ತಳದಲ್ಲಿರುತ್ತದೆ. ಮನೆಗೆ ಕರೆ ಮಾಡಲು ಮಾತ್ರ ಹೊರಗೆ ಬರುತ್ತದೆ.

ರಾತ್ರಿ ಸವಾರ, ಬೆಂಗಳೂರು:

ಮೇಡಂ, ಬಿಆರ್‌ಎಂಗೆ ಕೈಗೆ ವಾಚ್ ಇರಲೇಬೇಕು ಅನ್ನುವ ಪಂಗಡ ನಮ್ಮದು. ಫೋನು, ಜಿಪಿಎಸ್ ಎಲ್ಲ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಬ್ಯಾಟರಿ ಕೈಕೊಡುವುದು ಯಾವಾಗಲೂ ಕೊನೆಯ ಕಂಟ್ರೋಲ್‌ಗೆ, ಅಂದರೆ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿ ಹಾಕಿಸುವ ಜಾಗಕ್ಕೆ, ಮೊದಲೇ.

200 ಕಿಮೀಗೆ ನಿಮಗೆ ಸಿಗುವುದು ಹದಿಮೂರೂವರೆ ಗಂಟೆ. 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಟ್ಟಾರೆ ಗಂಟೆಗೆ ಸುಮಾರು 15 ಕಿಮೀ ಲೆಕ್ಕ. ಅಂದರೆ ಕಿಲೋಮೀಟರಿಗೆ 4 ನಿಮಿಷ. ಇಡ್ಲಿ ತಿಂದ ಹೊತ್ತು, ಪಂಕ್ಚರ್ ಹಾಕಿದ ಹೊತ್ತು, ಮರದ ಕೆಳಗೆ ಸುಮ್ನೆ ಕೂತ ಹೊತ್ತು ಎಲ್ಲ ಇದರಲ್ಲೇ ಸೇರಿತು. ಬೆಳಿಗ್ಗೆ 6ಕ್ಕೆ ಹೊರಟರೆ ಸಂಜೆ ಏಳೂವರೆಗೆ ಗೇಟು ಮುಚ್ಚುತ್ತದೆ. 100ನೇ ಕಿಮೀ ಕಂಟ್ರೋಲ್ 12:40ಕ್ಕೆ ಮುಚ್ಚುತ್ತದೆ. ಈ ಟೈಮುಗಳನ್ನು ಒಂದು ಚೀಟಿಯಲ್ಲಿ ಬರೆದು ಟಾಪ್ ಟ್ಯೂಬಿಗೆ (ಸೀಟಿನ ಮುಂದಿನ ಮೇಲಿನ ಕೊಳವೆ) ಸೆಲ್ಲೋಟೇಪ್ ಹಾಕಿ ಅಂಟಿಸಿ. ಆಮೇಲೆ ನಿಮಗೆ ಬೇಕಾಗಿರುವುದು ಟೈಮ್ ತೋರಿಸುವ ವಾಚು, ಅಷ್ಟೇ. ಹೊರಡುವ ಮೊದಲು ಆಯೋಜಕರ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಕ್ಯಾಸಿಯೋ ಎಫ್-91ಡಬ್ಲ್ಯೂ ತರಹದ ವಾಚಿನಲ್ಲಿ ತಿಂಗಳಿಗೆ 30 ಸೆಕೆಂಡಿನ ತನಕ ಹಿಂದೆಮುಂದೆ ಆಗಬಹುದು ಅಂತ ಕಂಪನಿಯೇ ಹೇಳುತ್ತದೆ.

ಸ್ಪೀಡೋಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಒಂದು ಕಲ್ಲಿನ ಹತ್ತಿರ ಸ್ಟಾಪ್‌ವಾಚ್ ಒತ್ತಿ, ಮುಂದಿನ ಕಲ್ಲಿನ ಹತ್ತಿರ ನಿಲ್ಲಿಸಿ. 4 ನಿಮಿಷ ಬಂದರೆ ವೇಗ 15. 3 ನಿಮಿಷ ಬಂದರೆ 20. 2 ನಿಮಿಷ 24 ಸೆಕೆಂಡ್ ಬಂದರೆ 25, ಅಂದರೆ ಬೆನ್ನಿಗೆ ಗಾಳಿ ಇದೆ ಅಂತ ಅರ್ಥ. ಮೊದಲ 200ರಲ್ಲಿ ಹೊಸಬರು ಬೆಳಿಗ್ಗೆ ಎಲ್ಲರ ಜೊತೆ ಜೋರಾಗಿ ಹೊಡೆದು ಮಧ್ಯಾಹ್ನ ಮಲಗಿಬಿಡುತ್ತಾರೆ. ಆಗಾಗ ಈ ಲೆಕ್ಕ ಹಾಕುತ್ತಿದ್ದರೆ ಕಾಲು ಹತೋಟಿಯಲ್ಲಿರುತ್ತದೆ.

ವಾಚು ಆರಿಸುವಾಗ ನೋಡಬೇಕಾದದ್ದು ಓದಲು ಸುಲಭವೋ ಅಂತ. ಬೂದು ಹಿನ್ನೆಲೆಯ ಮೇಲೆ ಕಪ್ಪು ಅಂಕಿ ಇರುವುದನ್ನೇ ತೆಗೆದುಕೊಳ್ಳಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿ ಅಂಗಡಿ ಲೈಟಿನಲ್ಲಿ ಚಂದ, ರಸ್ತೆಯಲ್ಲಿ ಕಾಣುವುದಿಲ್ಲ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರಾದರೆ ಅದನ್ನೂ ಅಂಗಡಿಗೆ ತೆಗೆದುಕೊಂಡು ಹೋಗಿ. ಇಂಥ ಅಂಕಿ ಪರದೆಯಲ್ಲೂ ಒಂದು ಪೋಲರೈಸರ್ ಪದರ ಇರುತ್ತದೆ. ಎರಡೂ ಒಂದಕ್ಕೊಂದು ಅಡ್ಡ ಬಂದ ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ.

ಅಲಾರಂ ನಂಬಬೇಡಿ. ಅರ್ಧ ಗಂಟೆಗೊಮ್ಮೆ ನೀರು ಕುಡಿಯಲು ಟೈಮರ್ ಇಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಇಳಿಜಾರಿನಲ್ಲಿ, ಲಾರಿ ಪಕ್ಕದಲ್ಲಿ ಆ ಸಣ್ಣ ಬೀಪ್ ಯಾರಿಗೂ ಕೇಳಿಸುವುದಿಲ್ಲ.

ಇನ್ನು, ನನ್ನದು ಬಾಗಿದ ಹ್ಯಾಂಡಲ್. ಕೈ ಹಿಡಿಕೆ ಮೇಲಿದ್ದಾಗ ಹೆಬ್ಬೆರಳು ಮೇಲೆ ಬರುತ್ತದೆ, ವಾಚು ಹೊರಗಡೆ ತಿರುಗಿರುತ್ತದೆ. ಹಾಗಾಗಿ ನಾನು ವಾಚನ್ನು ಹ್ಯಾಂಡಲ್‌ಗೇ ಕಟ್ಟುತ್ತೇನೆ. 31.8 ಮಿಮೀ ಬಾರ್‌ನ ಸುತ್ತಳತೆ ಬರೀ 10 ಸೆಂಮೀ. ಬೆಲ್ಟು ಅಷ್ಟು ಚಿಕ್ಕದಾಗುವುದಿಲ್ಲ. ಹಳೇ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ನಾಲ್ಕೈದು ಸುತ್ತು ಸುತ್ತಿ, ಅದರ ಮೇಲೆ ಕಟ್ಟಿದರೆ ಅಲ್ಲಾಡುವುದಿಲ್ಲ, ನಡುಕವೂ ಕಡಿಮೆ. ನಿಮ್ಮದು ನೇರ ಹ್ಯಾಂಡಲ್. ಕೈ ಹಿಂಭಾಗ ಮೇಲೇ ಇರುವುದರಿಂದ ಈ ಕಸರತ್ತು ಬೇಡ.

ದಾವಣಗೆರೆ ವಾಚ್ ರಿಪೇರಿ:

ಅಕ್ಕಾರೆ, ನನಗೆ ಸೈಕಲ್ ರೇಸು, ಬಿಆರ್‌ಎಂ ಎಲ್ಲ ಗೊತ್ತಿಲ್ಲ. ಮನೆಯಿಂದ ಅಂಗಡಿಗೆ ಸೈಕಲ್‌ನಲ್ಲಿ ಬರುತ್ತೇನೆ ಅಷ್ಟೇ. ಆದರೆ ಸೈಕಲ್‌ನವರ ವಾಚು ಯಾವುದರಿಂದ ಸಾಯುತ್ತದೆ ಅಂತ ಚೆನ್ನಾಗಿ ಗೊತ್ತು. ಎಲ್ಲರೂ ಬಿದ್ದರೆ ಒಡೆಯುತ್ತದಾ ಅಂತ ಕೇಳುತ್ತಾರೆ. ಬಿದ್ದು ಒಡೆದು ನನ್ನ ಟೇಬಲ್ಲಿಗೆ ಬರುವುದು ಕಡಿಮೆ. ಬರುವುದೆಲ್ಲ ನೀರು ಹೊಕ್ಕಿದ್ದು, ಬೆವರಿಗೆ ಪಿನ್ ತುಕ್ಕು ಹಿಡಿದಿದ್ದು. ನೀರು ಹೊಕ್ಕಿದ್ದರಲ್ಲೂ ಜಾಸ್ತಿ ಯಾವುದು ಅಂದರೆ, ಎಲ್ಲಾದರೂ ಒಮ್ಮೆ ಸೆಲ್ ಬದಲಾಯಿಸಿದ್ದು. ನಿಮ್ಮ ಮುಳ್ಳಿನ ವಾಚಿನ ಕಥೆ ಓದಿದ ಕೂಡಲೇ ನನಗೆ ಗೊತ್ತಾಯಿತು.

ಹಿಂದಿನ ಮುಚ್ಚಳದ ಸುತ್ತ ಒಂದು ತೆಳು ರಬ್ಬರ್ ವಾಷರ್ ಇರುತ್ತದೆ, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ನೀರು ತಡೆಯುವುದೇ ಅದು. ಮುಚ್ಚಳ ತೆಗೆದಾಗ ಅದು ಜಾಗ ಬಿಟ್ಟು ಏಳುತ್ತದೆ. ಅವಸರದಲ್ಲಿ ಹಾಗೇ ಮುಚ್ಚಿದರೆ ಒಂದು ಕಡೆ ಮುಚ್ಚಳದ ಅಂಚಿಗೆ ಸಿಕ್ಕಿ ಕತ್ತರಿಸುತ್ತದೆ. ಒಂದು ಎಳೆ ನೂಲು ಸಿಕ್ಕಿಕೊಂಡರೂ ಸಾಕು, ನೀರಿಗೆ ದಾರಿ ಆಯಿತು. ಹಳೇ ವಾಷರ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಬೇಕು. ಹಾಕುವ ಮೊದಲು ಚೂರು ಸಿಲಿಕಾನ್ ಗ್ರೀಸ್ ಸವರಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಎರಡು ನಿಮಿಷದಲ್ಲಿ ಸೆಲ್ ಹಾಕಿಕೊಡುವ ಕಡೆ ಇದೆಲ್ಲ ಎಲ್ಲಿ ಆಗುತ್ತದೆ?

ಅಂಕಿ ವಾಚಲ್ಲಿ ಇನ್ನೆರಡು ತಾಪತ್ರಯ. ಮುಚ್ಚಳಕ್ಕೂ ಮಷೀನಿಗೂ ನಡುವೆ ಬೀಪ್ ಶಬ್ದಕ್ಕೆ ಅಂತ ಒಂದು ಪುಟಾಣಿ ಸ್ಪ್ರಿಂಗ್ ಇರುತ್ತದೆ. ಅದು ಹಾರಿ ನೆಲಕ್ಕೆ ಬಿದ್ದರೆ ವಾಚು ನಡೆಯುತ್ತದೆ, ಶಬ್ದ ಮಾತ್ರ ಹೋಗುತ್ತದೆ. ಇನ್ನೊಂದು, ಕೆಲವು ಮಾಡೆಲ್‌ಗಳಲ್ಲಿ ಹೊಸ ಸೆಲ್ ಹಾಕಿದ ಮೇಲೆ ಎಸಿ ಅಂತ ಬರೆದಿರುವ ಜಾಗವನ್ನೂ ಸೆಲ್ಲಿನ ಪ್ಲಸ್ ಮೈಯನ್ನೂ ಚಿಮಟದಿಂದ ಒಂದು ಕ್ಷಣ ಮುಟ್ಟಿಸಬೇಕು. ಇಲ್ಲದಿದ್ದರೆ ಪರದೆಯಲ್ಲಿ ಚಿತ್ರವಿಚಿತ್ರ ಗೆರೆ ಬರುತ್ತದೆ. ಗೊತ್ತಿಲ್ಲದವರು ವಾಚೇ ಹೋಯಿತು ಅಂತ ಹೊಸದು ಮಾರುತ್ತಾರೆ.

ಹಾಗಾಗಿ ನನ್ನ ಸಲಹೆ ಏನೆಂದರೆ, ಮುಚ್ಚಳ ತೆಗೆಯುವ ಪ್ರಸಂಗವೇ ಬರದಂಥ ವಾಚು ತೆಗೆದುಕೊಳ್ಳಿ. ಕ್ಯಾಸಿಯೋ ಡಬ್ಲ್ಯೂ-800ಎಚ್, ಇಲ್ಲವೇ ಎಇ-1200ಡಬ್ಲ್ಯೂಎಚ್. ಎರಡಕ್ಕೂ ಸೆಲ್ ಬಾಳಿಕೆ ಸುಮಾರು 10 ವರ್ಷ. ಎರಡಕ್ಕೂ ನೀರಿನ ಅಂಕಿ 100 ಮೀಟರ್. ನೀವು ಹೇಳಿದ ದುಡ್ಡಿನ ಆಸುಪಾಸಿನಲ್ಲೇ ಸಿಗುತ್ತವೆ.

ಎಫ್-91ಡಬ್ಲ್ಯೂ ಒಳ್ಳೆಯ ವಾಚು, 1989ರಿಂದ ಬರುತ್ತಿದೆ, ತೂಕ 21 ಗ್ರಾಂ, ನಿಮ್ಮಂಥ ಸಣ್ಣ ಕೈಗೆ ಚೆನ್ನಾಗಿ ಕೂರುತ್ತದೆ. ಸೆಲ್ 7 ವರ್ಷ. ಆದರೆ ಅದರ ಮೇಲೆ ಬರೀ ವಾಟರ್ ರೆಸಿಸ್ಟ್ ಅಂತಿದೆ, 50 ಅಂತಲೂ ಇಲ್ಲ, 100 ಅಂತಲೂ ಇಲ್ಲ. ಬಯಲುಸೀಮೆಗೆ ಸಾಕು. ನಮ್ಮ ದಾವಣಗೆರೆಯಲ್ಲಿ ಅದೇ ಕೊಡುತ್ತೇನೆ. ಸಾಗರಕ್ಕೆ ನಾನು ಕೊಡುವುದಿಲ್ಲ. ಲೈಟೂ ಹೆಸರಿಗೆ ಮಾತ್ರ, ಎಡಗಡೆ ಒಂದು ಹಸಿರು ಚುಕ್ಕಿ ಹತ್ತುತ್ತದೆ. ಸ್ಟಾಪ್‌ವಾಚ್ ಒಂದು ಗಂಟೆಗೆ ಮುಗಿದು ಮತ್ತೆ ಸೊನ್ನೆಯಿಂದ ಶುರು. ಕೊಳ್ಳುವುದೇ ಆದರೆ ಬಲಗಡೆ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ, ಪರದೆ ಮೇಲೆ ಕಂಪನಿ ಹೆಸರು ಬರಬೇಕು. ಬರಲಿಲ್ಲ ಅಂದರೆ ನಕಲಿ. ಮಾರುಕಟ್ಟೆಯಲ್ಲಿ ನಕಲಿ ರಾಶಿ ಬಿದ್ದಿದೆ.

ಈ ಮೀಟರ್ ಲೆಕ್ಕವನ್ನು ಜನ ತಪ್ಪು ತಿಳಿಯುತ್ತಾರೆ. 30 ಮೀಟರ್ ಅಂದರೆ ಅಷ್ಟು ಆಳಕ್ಕೆ ಈಜಬಹುದು ಅಂತಲ್ಲ. ಹೊಸ ವಾಚನ್ನು ಅಷ್ಟು ನೀರಿನ ಒತ್ತಡದಲ್ಲಿ ಇಟ್ಟು ನೋಡಿರುತ್ತಾರೆ, ಅಷ್ಟೇ. 30 ಅಂದರೆ ಕೈ ತೊಳೆಯಬಹುದು, ಸಣ್ಣ ಮಳೆಯಲ್ಲಿ ನೆನೆಯಬಹುದು. 50 ಇದ್ದರೆ ಈಜಬಹುದು. 100 ಇದ್ದರೆ ಮಳೆಯ ಯೋಚನೆಯೇ ಬೇಡ.

ಇನ್ನು ಬೆಲ್ಟು. ಬೆಲ್ಟಿನ ಎರಡೂ ತುದಿಯಲ್ಲಿ ಸ್ಪ್ರಿಂಗ್ ಪಿನ್ ಇರುತ್ತದೆ. ಬೆವರಿನ ಉಪ್ಪು ಅಲ್ಲಿಗೆ ಇಳಿದು ತುಕ್ಕು ಹಿಡಿಯುತ್ತದೆ. ಒಂದು ದಿನ ಪಿನ್ ಮುರಿದು ವಾಚು ರಸ್ತೆಗೆ ಬೀಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ನೈಲಾನ್ ಬೆಲ್ಟ್ ಹಾಕಿ, ಒಂದೇ ಉದ್ದ ಪಟ್ಟಿ ಎರಡೂ ಪಿನ್ನಿನ ಕೆಳಗೆ ತೂರಿ ಬರುತ್ತದಲ್ಲ, ಅದು. ಒಂದು ಪಿನ್ ಹೋದರೂ ವಾಚು ಇನ್ನೊಂದರಲ್ಲಿ ನೇತಾಡುತ್ತದೆ. ಚರ್ಮದ್ದು ಮಳೆಗೆ ಕೊಳೆಯುತ್ತದೆ, ಬೇಡ. ಸೊಳ್ಳೆ ಕ್ರೀಮ್ ಹಚ್ಚುವ ಅಭ್ಯಾಸ ಇದ್ದರೆ ಹಚ್ಚಿ ಒಣಗಿದ ಮೇಲೆ ವಾಚು ಕಟ್ಟಿ. ಕೆಲವು ಕ್ರೀಮ್‌ಗಳಲ್ಲಿರುವ ಡೀಟ್ ಅನ್ನುವ ರಾಸಾಯನಿಕ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಗಾಜು ಮಬ್ಬಾದ ವಾಚು ನನ್ನ ಹತ್ತಿರ ಬರುತ್ತಿರುತ್ತವೆ, ಬಿಸಿಲಿಗೆ ಹೋಯಿತು ಅಂತ ಹೇಳುತ್ತಾರೆ.

ಬೆಟ್ಟದ ಹುಚ್ಚು:

ಯಾರೂ ಕ್ಯಾಸಿಯೋದ ಗಟ್ಟಿಮುಟ್ಟು ವಾಚು ಜಿ-ಶಾಕ್ ಹೇಳಲಿಲ್ಲವಲ್ಲ! ಡಿಡಬ್ಲ್ಯೂ-5600 ತೆಗೆದುಕೊಳ್ಳಿ, ಜೀವನಪೂರ್ತಿ ಮರೆತುಬಿಡಿ. 200 ಮೀಟರ್. ಪರದೆಯೆಲ್ಲ ಬೆಳಗುವ ಲೈಟು. ಕಿಕುವೊ ಇಬೆ ಅನ್ನುವ ಎಂಜಿನಿಯರ್ 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು ಅಂತ ಗುರಿ ಇಟ್ಟುಕೊಂಡು, ಕಟ್ಟಡದ ಮೇಲಿಂದ ಮಾದರಿಗಳನ್ನು ಎಸೆದು ಎಸೆದು ಪರೀಕ್ಷೆ ಮಾಡಿದ. 1983ರಲ್ಲಿ ಮೊದಲ ಜಿ-ಶಾಕ್ ಬಂತು. ನಾನು ನಂದಿ ಬೆಟ್ಟ ಇಳಿಯುವಾಗ ಜಾರಿ ಬಿದ್ದು ಮೊಣಕೈ ಸಿಪ್ಪೆ ಎದ್ದಿತ್ತು. ವಾಚಿಗೆ ಒಂದು ಗೆರೆ ಬಿತ್ತು, ಅಷ್ಟೇ.

ದಾವಣಗೆರೆ ವಾಚ್ ರಿಪೇರಿ:

ಅಣ್ಣಾ, ಜಿ-ಶಾಕ್ ಬಗ್ಗೆ ನನ್ನ ತಕರಾರಿಲ್ಲ. ಕಲ್ಲುಮುಳ್ಳಿನ ಹಾದಿಯಲ್ಲಿ ಎಂಟಿಬಿ (ಬೆಟ್ಟಗುಡ್ಡದ ಸೈಕಲ್) ಹೊಡೆಯುವವರಿಗೆ ಅದೇ ಸರಿ. ಆದರೆ ಅಕ್ಕ ಹೇಳಿದ ಬಜೆಟ್ಟಿಗೆ ಅದು ಸಿಗುವುದಿಲ್ಲ. ನೀವು ಹೇಳಿದ 5600ರ ಹಳೇ ಮಾಡೆಲ್‌ಗೆ ಸೆಲ್ ಬಾಳಿಕೆ ಸುಮಾರು 2 ವರ್ಷ. ಅಂದರೆ 10 ವರ್ಷದಲ್ಲಿ ನಾಲ್ಕು ಸಲ ಮುಚ್ಚಳ ತೆಗೆಯಬೇಕು. ಒಂದು ಸಲ ವಾಷರ್ ಕೆಟ್ಟರೆ ನಿಮ್ಮ 200 ಮೀಟರ್ ಎಲ್ಲಿ ಉಳಿಯಿತು?

ಬೆಟ್ಟದ ಹುಚ್ಚು:

ಅದು ಒಪ್ಪಬೇಕಾದ ಮಾತೇ. ಆದರೂ ನನ್ನದು ನಾನು ಬಿಡುವುದಿಲ್ಲ.

ತುಮಕೂರು ತಾತ:

ಮಕ್ಕಳೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಕೈಯಲ್ಲಿ ಇವತ್ತಿಗೂ ಎಚ್‌ಎಂಟಿ ಜನತಾ. ಬೆಳಿಗ್ಗೆ ಎದ್ದು ಕೀ ಕೊಟ್ಟರೆ ನಾಳೆ ಬೆಳಗಿನ ತನಕ ನಡೆಯುತ್ತದೆ, ಸೆಲ್ಲಿನ ಗೊಡವೆಯೇ ಇಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದ್ದು, ಆಮೇಲೆ ನಮ್ಮ ತುಮಕೂರಿಗೂ ಫ್ಯಾಕ್ಟರಿ ಬಂತು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿತು. ಆ ಮಾತು ಬೇಡ ಬಿಡಿ.

ಡಯಲ್ ಮೇಲೆ ಪ್ಯಾರಾಶಾಕ್ ಅಂತ ಬರೆದಿರುವುದು ಸುಮ್ನೆ ಅಲ್ಲ. ಒಳಗಿನ ಚಕ್ರದ ಕಡ್ಡಿ ಬಹಳ ಸಣ್ಣ, ಏಟು ಬಿದ್ದಾಗ ಅದು ಮುರಿಯದ ಹಾಗೆ ಸ್ಪ್ರಿಂಗ್ ಮೇಲೆ ಕೂರಿಸಿರುತ್ತಾರೆ. ಸೈಕಲ್ ಕುಲುಕಾಟಕ್ಕೆ ಅದು ಹೆದರುವುದಿಲ್ಲ, ನಾನು ಡ್ಯೂಟಿಗೆ ಹೋಗುತ್ತಿದ್ದದ್ದೂ ಸೈಕಲ್‌ನಲ್ಲೇ. ಆದರೆ ಅಮ್ಮಾ, ನಿಮ್ಮ ಊರಿನ ಮಳೆಗೆ ಇದನ್ನು ಹಾಕಬೇಡಿ. ಕೀ ಹತ್ತಿರ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಸೀರೆ ಉಟ್ಟು ಹೊರಟಾಗ ಹಾಕಿ, ಅದಕ್ಕೆ ಇದರಷ್ಟು ಚಂದದ್ದು ಇನ್ನೊಂದಿಲ್ಲ. ಸಾಮಾಜಿಕ ಜಾಲದಲ್ಲಿ ಬಣ್ಣಬಣ್ಣದ ಡಯಲ್ ಹಾಕಿ ಹಳೇ ಎಚ್‌ಎಂಟಿ ಅಂತ ಮಾರುವವರನ್ನು ನಂಬಬೇಡಿ. ಆ ಬಣ್ಣಗಳಲ್ಲಿ ಹೆಚ್ಚಿನವು ಆಮೇಲೆ ಬಳಿದದ್ದು.

ಇಕ್ಕೇರಿ ದಾರಿ:

ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಶನಿವಾರ ಶಿವಮೊಗ್ಗಕ್ಕೆ ಹೋಗಿದ್ದೆ, ವಾಚು ತಂದೆ.

ಅಂಗಡಿಯಲ್ಲಿ ಮೂರನ್ನೂ ಕೈಗೆ ಕಟ್ಟಿ, ಕೌಂಟರಿನ ಅಂಚನ್ನು ಹ್ಯಾಂಡಲ್ ತರಹ ಹಿಡಿದು ಮೈಭಾರ ಹಾಕಿ ನೋಡಿದೆ. ಅಂಗಡಿಯವರು ನನ್ನನ್ನೇ ನೋಡುತ್ತಾ ನಿಂತರು. ಆದರೆ ಕೊಳ್ಳುವ ಮೊದಲು ಎಲ್ಲರೂ ಹೀಗೆ ಮಾಡಿ ನೋಡಬೇಕು ಅಂತ ಈಗ ಅನ್ನಿಸುತ್ತದೆ. ಎಇ-1200 ಹಾಕಿಕೊಂಡು ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಅದರ ಅಂಚು ನನ್ನ ಕೈ ಹಿಂಭಾಗಕ್ಕೆ ಒತ್ತುತ್ತಿತ್ತು. ಅದರಲ್ಲಿ ಪ್ರಪಂಚದ ಭೂಪಟ ಬೇರೆ ಇದೆ, ಪುಟ್ಟ ಗಡಿಯಾರ ಒಂದಿದೆ. ಇಷ್ಟೆಲ್ಲದರ ಕೆಳಗೆ ಟೈಮ್ ಇದೆ. ಟೋಕಿಯೋದಲ್ಲಿ ಎಷ್ಟು ಗಂಟೆ ಅಂತ ತಾಳಗುಪ್ಪದಲ್ಲಿ ನಿಂತು ತಿಳಿದು ನನಗೇನಾಗಬೇಕು? ಎಫ್-91 ಕಟ್ಟಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಮನಸ್ಸು ಅದರ ಮೇಲೇ ಹೋಗಿತ್ತು. ಅಂಗೈ ಮುಚ್ಚಿ ಕತ್ತಲು ಮಾಡಿ ಲೈಟ್ ಒತ್ತಿದೆ. ಎಡಗಡೆಯ ಅಂಕಿ ಕಂಡಿತು, ಬಲಗಡೆಯದ್ದು ಊಹೆ ಮಾಡಬೇಕು.

ಡಬ್ಲ್ಯೂ-800ಎಚ್ ತೆಗೆದುಕೊಂಡೆ. ನೋಡಲು ವಿಶೇಷವೇನಿಲ್ಲ. ಅಂಕಿ ದೊಡ್ಡದು, ಕನ್ನಡಕ ಇಲ್ಲದೆಯೂ ಕಾಣುತ್ತದೆ. ಅದರ ಜೊತೆ ಬಂದ ಬೆಲ್ಟಿನ ಕೊನೆಯ ತೂತುಗಳ ಹತ್ತಿರ ನನ್ನ ಕೈ ನಿಂತಿತು. ಒಂದು ಕಪ್ಪು ನೈಲಾನ್ ಬೆಲ್ಟೂ ಕೊಂಡೆ, ಎಲ್ಲ ಸೇರಿ ಬಜೆಟ್ಟಿನೊಳಗೇ ಬಂತು.

ರಿಪೇರಿಯಣ್ಣನಿಗೆ ಎರಡು ಪ್ರಶ್ನೆ. ಮಳೆಯಲ್ಲಿ ನೆನೆಯುತ್ತಿರುವಾಗ ಲೈಟಿನ ಗುಂಡಿ ಒತ್ತಬಹುದಾ? ಮತ್ತೆ 10 ವರ್ಷ ಅನ್ನುವುದನ್ನು ನಾನು ಕೊಂಡ ದಿನದಿಂದ ಎಣಿಸಬೇಕಾ?

ದಾವಣಗೆರೆ ವಾಚ್ ರಿಪೇರಿ:

ಮಳೆಯಲ್ಲಿ ಒತ್ತಿ, ಏನೂ ಆಗುವುದಿಲ್ಲ. ಪೂರ್ತಿ ನೀರಿನೊಳಗೆ ಮುಳುಗಿರುವಾಗ ಒತ್ತಬೇಡಿ, ಈಜುವಾಗಲಾಗಲಿ, ಬಕೆಟ್‌ನಲ್ಲಿ ತೊಳೆಯುವಾಗಲಾಗಲಿ. ಬಿಸಿನೀರು ಸ್ನಾನಕ್ಕೆ ಬಿಚ್ಚಿಡಿ. ಬಿಸಿಗೂ ಸೋಪಿಗೂ ವಾಷರ್ ಬೇಗ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ತಣ್ಣೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಪಿನ್ ಜಾಗ ಉಜ್ಜಿ, ಬೆಲ್ಟ್ ಬಿಚ್ಚಿ ಒಣಗಿಸಿ. ನೈಲಾನ್ ಬೆಲ್ಟು ಮಳೆಗಾಲದಲ್ಲಿ ಒಂದೇ ದಿನಕ್ಕೆ ಒಣಗುವುದಿಲ್ಲ, ಚರ್ಮ ತುರಿಸುತ್ತದೆ. ಎರಡು ಇಟ್ಟುಕೊಂಡು ಬದಲಾಯಿಸಿ ಹಾಕಿ.

10 ವರ್ಷದ ಲೆಕ್ಕ ಫ್ಯಾಕ್ಟರಿಯಲ್ಲಿ ಸೆಲ್ ಕೂತ ದಿನದಿಂದ ಶುರು. ಅಂಗಡಿ ಗಾಜಿನೊಳಗೆ ಕೂತಿದ್ದ ಕಾಲವೂ ಅದರಲ್ಲಿ ಬಂತು. ಲೈಟ್ ಜಾಸ್ತಿ ಒತ್ತಿದರೆ ಇನ್ನೂ ಬೇಗ ಮುಗಿಯುತ್ತದೆ. ಲೈಟ್ ಒತ್ತಿದಾಗ ಅಂಕಿ ಮಂಕಾಗಲು ಶುರುವಾದರೆ ಸೆಲ್ ಮುಗಿಯುತ್ತಾ ಬಂತು ಅಂತ. ಆಗ ಅಂಗಡಿಯವರಿಗೆ ಮೊದಲೇ ಹೇಳಿ: ವಾಷರ್ ಹೊಸದು ಹಾಕಿ, ಗ್ರೀಸ್ ಸವರಿ, ನನಗೆ ಅವಸರ ಇಲ್ಲ, ನಾಳೆ ಬರುತ್ತೇನೆ. ವಾಷರ್ ಯಾಕೆ ಅಂತ ಕೇಳಿದರೆ ಪಕ್ಕದ ಅಂಗಡಿಗೆ ಹೋಗಿ.

ರಾತ್ರಿ ಸವಾರ, ಬೆಂಗಳೂರು:

ಶುಭವಾಗಲಿ ಮೇಡಂ. ಬಿಆರ್‌ಎಂ ದಿನ ಎಟಿಎಂ ಚೀಟಿ, ಪೆಟ್ರೋಲ್ ಬಂಕ್ ಬಿಲ್ಲು ಬಿಸಾಡಬೇಡಿ. ಜನ ಇಲ್ಲದ ಕಂಟ್ರೋಲ್‌ನಲ್ಲಿ ಅದರ ಮೇಲಿನ ಟೈಮೇ ಸಾಕ್ಷಿ. ಅವರ ಮಷೀನಿನ ಟೈಮಿಗೂ ನಿಮ್ಮ ವಾಚಿಗೂ ವ್ಯತ್ಯಾಸ ಕಂಡರೆ ಅಲ್ಲೇ ಒಂದು ಫೋಟೋ ತೆಗೆದಿಡಿ. ಅದಕ್ಕಾದರೂ ಫೋನು ಬ್ಯಾಗಿನ ತಳದಿಂದ ಹೊರಗೆ ಬರಲಿ.